ದನಿ ಬೆಳಕಾದ ಬಗೆ: ಕಾರವಾರ–ಅಂಕೋಲೆಯ ಸುದ್ದಿಹಾದಿಯ ಇತಿಹಾಸ

ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ಕಾಳಗ, ಕೋಟೆಕೊತ್ತಲಗಳ ಕತೆಯೆಂದು ಶಾಲೆಯ ಹುಡುಗರು ಭಾವಿಸುವುದು ಸಹಜ. ಪಠ್ಯಪುಸ್ತಕಗಳು ಅವರಿಗೆ ಕಲಿಸಿದ್ದೂ ಹೆಚ್ಚಾಗಿ ಅದನ್ನೇ. ಆದರೆ ಒಂದೂರಿನ ಮಾತು ಇನ್ನೊಂದೂರಿಗೆ ಹೇಗೆ ಮುಟ್ಟುತ್ತಿತ್ತು, ಎಷ್ಟು ಹೊತ್ತಿಗೆ ಮುಟ್ಟುತ್ತಿತ್ತು, ಹಾಗೆ ಮುಟ್ಟಲು ಯಾರ ಅಪ್ಪಣೆ ಬೇಕಾಗಿತ್ತು ಎಂಬುದೂ ಇತಿಹಾಸವೇ. ಅರಸನ ಕೋಟೆ ಬಿದ್ದರೂ ಊರು ಬದುಕುತ್ತದೆ. ಸುದ್ದಿಯ ಹಾದಿ ಕಡಿದರೆ ಊರು ದ್ವೀಪವಾಗುತ್ತದೆ. ನಮ್ಮ ಕರಾವಳಿಯಲ್ಲಿ ಕಾರವಾರ ಮತ್ತು ಅಂಕೋಲೆಗಳ ನಡುವಣ ಕಿರಿದಾದ ನೆಲವನ್ನು ಮುಂದಿಟ್ಟುಕೊಂಡು, ಮನುಷ್ಯನ ದನಿಯು ಕಾಲಾಳಿನ ಚೀಲದಿಂದ ತಂತಿಗೂ, ತಂತಿಯಿಂದ ಗಾಜಿನ ಎಳೆಗೂ ದಾಟಿದ ಬಗೆಯನ್ನು ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಕಾರವಾರದ ಬಳಿ ಕಾಳೀನದಿ ಕಡಲನ್ನು ಸೇರುತ್ತದೆ. ಅಂಕೋಲಾ ತಾಲ್ಲೂಕಿನ ತೆಂಕಣ ಭಾಗದಲ್ಲಿ ಗಂಗಾವಳಿ ಹರಿಯುತ್ತದೆ. ಎರಡೂ ಪಟ್ಟಣಗಳ ನಡುವೆ ಹೆದ್ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು ದೂರ. ಸಹ್ಯಾದ್ರಿಯ ಕವಲುಗಳು ಇಲ್ಲಿ ಕಡಲಿನವರೆಗೂ ಕಾಲು ಚಾಚಿವೆ. ಬಿಣಗಾ, ಅಮದಳ್ಳಿ, ಅವರ್ಸೆ, ಹಾರವಾಡಗಳನ್ನು ದಾಟುವ ದಾರಿ ಒಂದು ಕಡೆ ಗುಡ್ಡ, ಒಂದು ಕಡೆ ನೀರು ಇವುಗಳ ನಡುವೆ ನುಸುಳಿ ಹೋಗುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆಗೊಂದು ದೋಣಿ. ದೋಣಿಗೆ ಭರತ ಇಳಿತಗಳ ಲೆಕ್ಕ. ೧೬೩೮ರಲ್ಲಿ ಆಂಗ್ಲ ವರ್ತಕರು ಕಾರವಾರದಲ್ಲಿ ಕೋಠಿ ತೆರೆದಾಗ ಅವರ ಕಾಗದಕ್ಕೆ ಸ್ವದೇಶದಿಂದ ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ೧೮೬೨ರಲ್ಲಿ ಉತ್ತರ ಕೆನರಾ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಆಗ ಹುಕುಮುಗಳು ಬರುತ್ತಿದ್ದುದು ಮುಂಬಯಿಯಿಂದ. ಮಳೆಗಾಲದಲ್ಲಿ ಕರಾವಳಿಯ ಹಡಗು ನಿಂತರೆ ಟಪ್ಪಾಲಿನವನ ಕಾಲೇ ಗತಿ.

ಅದೇ ೧೮೬೦ರ ದಶಕದಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭವೊಂದು ಬೆಳಗತೊಡಗಿತು. ಬೆಳಕಿನ ಮೂಲಕ ಸುದ್ದಿ ಹೇಳುವ ವಿದ್ಯೆ ನಮ್ಮ ಕಡಲಿಗೆ ಹೊಸದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ದೀಪಸ್ತಂಭಕ್ಕೆ ಬರುವುದು ಒಂದೇ ಮಾತು: ಇಲ್ಲಿ ಬಂಡೆಯಿದೆ, ದೂರವಿರಿ. ಅದಕ್ಕೆ ಪ್ರಶ್ನೆ ಕೇಳಲಾಗದು, ಅದು ಮರುನುಡಿಯದು. ಬೆಳಕಿಗೆ ಇಡೀ ಮಾತನ್ನು ಕಲಿಸಲು ಇನ್ನೂ ನೂರು ವರ್ಷ ಬೇಕಾಯಿತು.

ಅದಕ್ಕೆ ಮೊದಲು ವಿದ್ಯುತ್ತು ಮಾತು ಕಲಿತಿತು. ವಿಲಿಯಂ ಓಶಾನೆಸಿ ಎಂಬ ವೈದ್ಯನು ೧೮೩೯ರಲ್ಲಿ ಕಲ್ಕತ್ತೆಯ ಬಳಿ ತಂತಿಯ ಪ್ರಯೋಗ ನಡೆಸಿದನು. ೧೮೫೪ರ ವೇಳೆಗೆ ಕಲ್ಕತ್ತಾ, ಆಗ್ರಾ, ಮುಂಬಯಿ, ಮದ್ರಾಸುಗಳನ್ನು ತಂತಿ ಬೆಸೆದಿತ್ತು. ತಂತಿಗೆ ದನಿಯಿರಲಿಲ್ಲ, ಚುಕ್ಕೆ ಮತ್ತು ಗೆರೆಗಳೆಂಬ ಎರಡೇ ಅಕ್ಷರಗಳಿಂದ ಅದು ಎಲ್ಲವನ್ನೂ ಹೇಳಬೇಕಾಗಿತ್ತು. ಮಾತಿಗೆ ಇಷ್ಟೆಂದು ದರವಿದ್ದುದರಿಂದ ತಂತಿಯ ಭಾಷೆಯಲ್ಲಿ ವಿಶೇಷಣವಿಲ್ಲ, ಉಪಚಾರವಿಲ್ಲ. ಹಳ್ಳಿಯ ಮನೆಗೆ ತಂತಿ ಬಂದಿತೆಂದರೆ ಓದುವುದಕ್ಕೆ ಮುಂಚೆಯೇ ಅಳು ಎದ್ದದ್ದೂ ಉಂಟು. ನೂರೈವತ್ತು ವರ್ಷಕ್ಕೂ ಮಿಕ್ಕಿ ನಡೆದ ಈ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಮುಕ್ತಾಯವಾಯಿತು. ಆದರೆ ಎರಡೇ ಗುರುತುಗಳಲ್ಲಿ ಜಗತ್ತನ್ನೆಲ್ಲ ಬರೆಯಬಹುದೆಂಬ ಅದರ ಮೂಲತತ್ತ್ವ ಸಾಯಲಿಲ್ಲ. ಅದನ್ನು ಮುಂದೆ ಕಾಣುವೆವು.

ತಂತಿ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿ ಎಂಬುದನ್ನು ಅಂಕೋಲೆಯವರು ಬೇಗನೆ ಅರಿತರು. ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸರಕಾರದ ಸುದ್ದಿ ತಂತಿಯ ಮೇಲೆ ಓಡುತ್ತಿತ್ತು. ಸತ್ಯಾಗ್ರಹಿಗಳ ಸುದ್ದಿ ಬಾಯಿಂದ ಬಾಯಿಗೆ ನಡೆಯುತ್ತಿತ್ತು. ಮುಂದೆ ೧೯೪೨ರ ಚಳವಳಿಯಲ್ಲಿ ನಾಡಿನ ಅನೇಕ ಕಡೆಗಳಲ್ಲಿ ತಂತಿ ಕಡಿಯುವುದು ಹೋರಾಟದ ಒಂದು ಕ್ರಮವೇ ಆಯಿತು. ಅದೇ ವರ್ಷದ ಆಗಸ್ಟ್ ೨೭ರಿಂದ ಉಷಾ ಮೆಹತಾ ಮತ್ತು ಅವರ ಸಂಗಾತಿಗಳು ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿ, ನವೆಂಬರಿನಲ್ಲಿ ಸೆರೆಯಾದರು. ಆಳುವವನ ತಂತಿಯನ್ನು ಕಡಿಯುವುದು ಒಂದು ಉಪಾಯ. ಆಳಿಸಿಕೊಳ್ಳುವವನಿಗೆ ತನ್ನದೇ ದನಿಯನ್ನು ಗಳಿಸಿಕೊಡುವುದು ಇನ್ನೊಂದು. ಎರಡನೆಯದೇ ದೊಡ್ಡದು.

ಇನ್ನು ದೂರವಾಣಿಯ ಕತೆ. ಗ್ರಹಾಂ ಬೆಲ್ ೧೮೭೬ರಲ್ಲಿ ಅದನ್ನು ಸಾಧಿಸಿದನು. ೧೮೮೨ರ ಜನವರಿಯಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ತಂತಿಯಲ್ಲಿ ಮಾತಿನ ಅರ್ಥ ಮಾತ್ರ ಹೋಗುತ್ತಿತ್ತು. ದೂರವಾಣಿಯಲ್ಲಿ ಮಾತಾಡಿದವನೇ ಹೋದಂತಾಯಿತು. ಉಸಿರು, ಕೆಮ್ಮು, ನಡುಗುವ ಸ್ವರ, ಎಲ್ಲವೂ. ಸಣ್ಣ ಊರುಗಳ ಪಾಲಿಗೆ ಮಾತ್ರ ಇದು ಬಹುಕಾಲ ಕೈಗೆಟುಕದ ವಸ್ತುವಾಗಿತ್ತು. ಮುಂಬಯಿಯಲ್ಲಿ ದುಡಿಯುವ ಮಗನೊಡನೆ ಮಾತಾಡಲು ಟ್ರಂಕ್ ಕಾಲ್ ಬರೆಸಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಿಗೆ ಮೂರು ದರ್ಜೆ. ಬಡವನ ದುಃಖ ಆರ್ಡಿನರಿ ದರ್ಜೆಯಲ್ಲಿ ಕಾಯುತ್ತಿತ್ತು. ಇದರ ಮೇಲೆ ನಮ್ಮ ಕಡಲಿನ ಉಪ್ಪುಗಾಳಿ. ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿಯುವುದು, ಕೀಲುಗಳಲ್ಲಿ ನೀರಿಳಿಯುವುದು, ಆಷಾಢದ ಗಾಳಿಗೆ ಕಂಬವೇ ಒರಗುವುದು ಕರಾವಳಿಯವರಿಗೆ ಹೇಳಬೇಕಾದ ಸಂಗತಿಯಲ್ಲ.

ಈ ಸ್ಥಿತಿಯನ್ನು ಬದಲಿಸಿದ ಒಂದು ಘಟನೆ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ನಡೆಯಿತು. ೧೯೮೪ರಲ್ಲಿ ಭಾರತ ಸರಕಾರ ಸಿ-ಡಾಟ್ ಎಂಬ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಧೂಳು, ಸೆಕೆಗಳನ್ನು ತಾಳಿಕೊಂಡು ತಂಪು ಯಂತ್ರದ ಹಂಗಿಲ್ಲದೆ ಹಳ್ಳಿಯಲ್ಲಿ ನಡೆಯಬಲ್ಲ ಸಣ್ಣ ಎಕ್ಸ್‌ಚೇಂಜನ್ನು ಅಲ್ಲಿಯ ಇಂಜಿನಿಯರರು ರಚಿಸಿದರು. ೧೨೮ ಲೈನುಗಳ ಆ ಯಂತ್ರದ ಮೊದಲನೆಯದು ೧೯೮೬ರಲ್ಲಿ ನೆಲೆಗೊಂಡದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆ ಮೇಲೆ ಬಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳನ್ನು ನಡುವಯಸ್ಸಿನವರೆಲ್ಲರೂ ಬಲ್ಲರು. ಕಿತ್ತೂರಿನ ಯಂತ್ರದ ವಿಶೇಷವೇನೆಂದರೆ ಅದರೊಳಗೆ ದನಿಯು ದನಿಯಾಗಿ ಸಾಗುತ್ತಿರಲಿಲ್ಲ, ಅಂಕೆಯಾಗಿ ಸಾಗುತ್ತಿತ್ತು.

ದನಿ ಅಂಕೆಯಾಗುವುದೆಂದರೇನು? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ೧೯೩೭–೩೮ರಲ್ಲಿ ಅಲೆಕ್ ರೀವ್ಸ್ ಎಂಬ ಆಂಗ್ಲ ಇಂಜಿನಿಯರನು ಒಂದು ಉಪಾಯ ಕಂಡುಹಿಡಿದನು. ಮಾತಾಡುವಾಗ ಗಾಳಿಯಲ್ಲಿ ಏಳುವ ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು, ಆ ಅಳತೆಗಳನ್ನು ಮಾತ್ರ ಕಳುಹಿಸುವುದು. ಆಚೆ ತುದಿಯಲ್ಲಿ ಅಳತೆಗಳಿಂದ ಅಲೆಯನ್ನು ಪುನಃ ಕಟ್ಟುವುದು. ಇಂದಿನ ದೂರವಾಣಿಯ ಮೂಲ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದುಗಳ ೮ ಗುರುತುಗಳಲ್ಲಿ ಬರೆಯುತ್ತಾರೆ. ಎಂಟು ಸಾವಿರವನ್ನು ಎಂಟರಿಂದ ಗುಣಿಸಿದರೆ ಸೆಕೆಂಡಿಗೆ ೬೪,೦೦೦ ಗುರುತುಗಳಾದವು. ಚುಕ್ಕೆ ಗೆರೆಗಳ ಹಳೆಯ ತಂತಿಯೇ ವೇಗದ ಹೊಸ ಜನ್ಮವೆತ್ತಿ ಬಂದಿತೆನ್ನಬಹುದು. ಇಂಥ ೩೦ ದನಿಗಳನ್ನು ಒಟ್ಟಿಗೆ ಹೆಣೆದು ಸಾಗಿಸುವ ಲೈನಿಗೆ ಇ-೧ ಎಂದು ಹೆಸರು. ನಮ್ಮ ದೇಶದ ಎಕ್ಸ್‌ಚೇಂಜುಗಳ ನಡುವೆ ಓಡಾಡಿದ್ದು ಅದೇ.

ಕನ್ನಡ ವ್ಯಾಕರಣ ಓದಿದವನಿಗೆ ಇಲ್ಲಿ ಕೇಶಿರಾಜನ ನೆನಪಾಗದಿರದು. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಆ ಪಂಡಿತನು, ಶಬ್ದವೆಂಬುದು ಒಂದು ದ್ರವ್ಯ, ಅದು ನಾಭಿಯ ಮೂಲದಲ್ಲಿ ಗಾಳಿಯ ಅನುಕೂಲದಿಂದ ಕಹಳೆಯ ಹಾಗೆ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದು ವಿವರಿಸಿದ್ದಾನೆ. ಶಬ್ದಕ್ಕೆ ಬಣ್ಣವೆಲ್ಲಿಯದು ಎಂದು ವಿದ್ಯಾರ್ಥಿಗಳು ನಗುವುದುಂಟು. ಜೈನದರ್ಶನದ ಹಿನ್ನೆಲೆಯಿಂದ ಬಂದ ಮಾತದು. ವಿಜ್ಞಾನದ ಭವಿಷ್ಯವಾಣಿಯೆಂದು ಅದನ್ನು ಎಳೆದು ತರುವುದು ಸಲ್ಲದು. ಆದರೂ ಶಬ್ದವನ್ನು ಅಳೆಯಬಹುದಾದ, ಸಾಗಿಸಬಹುದಾದ ವಸ್ತುವೆಂದು ಕಂಡ ಆ ದೃಷ್ಟಿ, ದನಿಯನ್ನು ಬೆಳಕಾಗಿಸುವ ಈ ಕಾಲದಲ್ಲಿ ಮನಸ್ಸಿಗೆ ಹಿತವಾಗುತ್ತದೆ.

ಅಳೆದು ಕಳುಹಿಸುವಾಗ ಕಳೆದುಹೋಗುವುದೂ ಉಂಟು. ಸಾಮಾನ್ಯ ದೂರವಾಣಿಯು ಸೆಕೆಂಡಿಗೆ ೩೦೦ರಿಂದ ೩,೪೦೦ರವರೆಗಿನ ಕಂಪನಗಳನ್ನು ಮಾತ್ರ ಒಯ್ಯುತ್ತದೆ. ಸ್ವರಗಳಿಗೆ ಇಷ್ಟು ಸಾಕು. ಆದರೆ ಸಕಾರದ ಸತ್ತ್ವವೆಲ್ಲ ಇದಕ್ಕಿಂತ ಮೇಲಿನ ಕಂಪನಗಳಲ್ಲಿದೆ. ಆದುದರಿಂದಲೇ ದೂರವಾಣಿಯಲ್ಲಿ ಹೆಸರು ಹೇಳುವಾಗ ಸಕಾರವು ಇಂಗ್ಲಿಷಿನ ಎಫ್‌ನಂತೆ ಕೇಳಿಸುತ್ತದೆ; ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕಾಗುತ್ತದೆ. ಬಾಯಲ್ಲಿ ಉಚ್ಚಾರ ಶುದ್ಧವಾಗಿದ್ದರೂ ಕಿವಿಯಲ್ಲಿ ತಪ್ಪಾಗುವ ಈ ಅಪವಾದವನ್ನು ಯಾವ ವ್ಯಾಕರಣಕಾರನೂ ಬರೆದಿರಲಿಲ್ಲ. ೧೯೮೮ರಲ್ಲಿ ಅಂತಾರಾಷ್ಟ್ರೀಯ ಮಂಡಲಿಯು ೭,೦೦೦ ಕಂಪನಗಳವರೆಗೆ ಒಯ್ಯುವ ಇನ್ನೊಂದು ಕ್ರಮವನ್ನು ಒಪ್ಪಿತು. ಆ ಕ್ರಮ ಬಳಸುವಲ್ಲಿ ಶ, ಷ, ಸಗಳ ಮರ್ಯಾದೆ ಬಹುಮಟ್ಟಿಗೆ ಉಳಿಯುತ್ತದೆ.

ಈಗ ಗಾಜಿನ ಎಳೆಗೆ ಬರೋಣ. ನೀರಿನ ಧಾರೆಯೊಳಗೆ ಬೆಳಕು ಬಾಗಿ ಹರಿಯುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೊಲಾಡನ್, ಟಿಂಡಲ್ ಮುಂತಾದವರು ತೋರಿಸಿದ್ದರು. ನಮ್ಮ ದೇಶದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ೧೯೫೪ರಲ್ಲಿ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ಪ್ರಯೋಗವನ್ನು ಹಾಪ್ಕಿನ್ಸ್ ಅವರೊಡನೆ ಪ್ರಕಟಿಸಿದರು. ಆದರೆ ಆ ಕಾಲದ ಗಾಜಿನಲ್ಲಿ ಬೆಳಕು ಕೆಲವು ಮೀಟರುಗಳಲ್ಲೇ ಸೊರಗುತ್ತಿತ್ತು. ದೋಷವಿರುವುದು ಗಾಜಿನಲ್ಲಲ್ಲ, ಅದರಲ್ಲಿ ಬೆರೆತ ಕಶ್ಮಲದಲ್ಲಿ ಎಂದು ೧೯೬೬ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ ಪ್ರತಿಪಾದಿಸಿದರು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ದೂರವಾಣಿ ನಡೆಸಬಹುದೆಂಬುದು ಅವರ ಲೆಕ್ಕ. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಅದನ್ನು ಸಾಧಿಸಿದರು. ಕಾವ್ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಒಳ್ಳೆಯ ಎಳೆಯಲ್ಲಿ ಹದಿನೈದು ಕಿಲೋಮೀಟರು ಸಾಗಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಕಾರವಾರದಲ್ಲಿ ಹೊಕ್ಕ ಬೆಳಕಿನ ಸುಮಾರು ಐದರಲ್ಲಿ ಒಂದು ಪಾಲು, ನಡುವೆ ಯಾವ ಯಂತ್ರದ ನೆರವೂ ಇಲ್ಲದೆ, ಅಂಕೋಲೆಯನ್ನು ಮುಟ್ಟಬಲ್ಲದು. ಅದಕ್ಕೆ ತಗಲುವ ಕಾಲ ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಬೆಳಕು ಹರಿಯುವ ಎಳೆಯ ತಿರುಳು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟೂ ದಪ್ಪವಿಲ್ಲ. ಗಾಜಿಗೆ ಉಪ್ಪುಗಾಳಿಯ ಕಿಲುಬು ಹಿಡಿಯುವುದಿಲ್ಲ. ಸಿಡಿಲಿನ ಪ್ರವಾಹ ಅದರಲ್ಲಿ ಹರಿಯುವುದಿಲ್ಲ. ನಮ್ಮ ಕರಾವಳಿಗೆಂದೇ ಮಾಡಿದಂತಿದೆ.

ಈ ನೆಲದಲ್ಲಿ ಗಾಜಿನೆಳೆಯ ಆಗಮನವನ್ನು ಜನ ಗಮನಿಸಿದ್ದು ಕಡಿಮೆ. ಅವರ ಕಣ್ಣು ರೈಲಿನ ಮೇಲಿತ್ತು. ೧೯೯೦ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆಯ ಇಡೀ ಮಾರ್ಗ ೧೯೯೮ರ ಜನವರಿ ೨೬ರಂದು ಸಂಚಾರಕ್ಕೆ ತೆರೆಯಿತು. ಕಾರವಾರ, ಅಂಕೋಲೆಗಳಿಗೆ ನಿಲ್ದಾಣಗಳಾದವು. ಬೆಟ್ಟ ಕೊರೆದು ಹೊಳೆ ದಾಟಿದ ಹಳಿಯ ಜೊತೆಗೆ ಓಎಫ್‌ಸಿ ಕೇಬಲ್ ಕೂಡ ನೆಲದಡಿಯಲ್ಲಿ ಸಾಗಿತು. ಹೀಗೆ ಹಳೆಯ ಟಪ್ಪಾಲಿನವನು ದೋಣಿಗಾಗಿ ಕಾದ ಹೊಳೆಗಳನ್ನು ಬೆಳಕು ಕಾಯದೆ ದಾಟಿತು.

ಬೆಳಕು ಊರಿಗೆ ಬಂದರೂ ಮೇಜಿನ ಮೇಲಿನ ಟೆಲಿಫೋನಿಗೆ ಅದು ತಿಳಿಯದು. ಇಬ್ಬರ ನಡುವೆ ದ್ವಿಭಾಷಿ ಬೇಕು. ಆ ಕೆಲಸವನ್ನು ಮಾಡುವುದು ರೂಟರ್ ಎಂಬ ಪೆಟ್ಟಿಗೆ. ಟಪ್ಪಾಲು ಕಚೇರಿಯಲ್ಲಿ ಕಾಗದಗಳನ್ನು ಊರುವಾರು ಬೇರ್ಪಡಿಸುವವನಂತೆ, ಅಂಕೆಗಳ ಸಣ್ಣ ಸಣ್ಣ ಕಟ್ಟುಗಳ ಮೇಲಿನ ವಿಳಾಸ ಓದಿ ಮುಂದಿನ ದಾರಿಗೆ ಸೇರಿಸುವುದು ಅದರ ಧರ್ಮ. ಮೊದಮೊದಲು ಅದು ಕಂಪ್ಯೂಟರಿನ ಕಾಗದಗಳನ್ನಷ್ಟೇ ಸಾಗಿಸುತ್ತಿತ್ತು. ೧೯೯೫ರ ಸುಮಾರಿನಿಂದ ದನಿಯನ್ನೂ ಇಂಥ ಕಟ್ಟುಗಳಲ್ಲಿ ಕಳುಹಿಸುವುದು ರೂಢಿಗೆ ಬಂದಿತು. ಆಗ ತಯಾರಕರು ರೂಟರಿನ ಬೆನ್ನಿನಲ್ಲಿ ಖಾಲಿ ಕಂಡಿಗಳನ್ನಿಟ್ಟು, ಬೇಕಾದ ಕಾರ್ಡುಗಳನ್ನು ತೂರಿಸುವ ಏರ್ಪಾಡು ಮಾಡಿದರು. ಒಂದು ಕಂಡಿಗೆ ದನಿಯ ಕಾರ್ಡು, ಇನ್ನೊಂದಕ್ಕೆ ಗಾಜಿನೆಳೆಯ ಕಾರ್ಡು. ಪೆಟ್ಟಿಗೆ ಒಂದೇ, ವಿದ್ಯೆ ಹಲವು.

ದನಿಯ ಕಾರ್ಡುಗಳಲ್ಲಿ ಎರಡು ಬಗೆ ಮುಖ್ಯ. ಎಫ್‌ಎಕ್ಸ್‌ಎಸ್ ಎಂಬುದು ಎಕ್ಸ್‌ಚೇಂಜಿನ ವೇಷ ಕಟ್ಟುತ್ತದೆ: ಟೆಲಿಫೋನಿಗೆ ವಿದ್ಯುತ್ತು ಕೊಡುತ್ತದೆ, ಡಯಲ್ ಟೋನ್ ಕೇಳಿಸುತ್ತದೆ, ಗಂಟೆ ಬಾರಿಸುತ್ತದೆ. ಎಫ್‌ಎಕ್ಸ್‌ಓ ಎಂಬುದು ಟೆಲಿಫೋನಿನ ವೇಷ ಕಟ್ಟುತ್ತದೆ: ಎಕ್ಸ್‌ಚೇಂಜಿನಿಂದ ಬಂದ ಲೈನನ್ನು ತಾನು ಎತ್ತಿಕೊಳ್ಳುತ್ತದೆ. ಎರಡರ ಮುಖವರ್ಣಿಕೆಯೂ ಒಂದೇ, ಟೆಲಿಫೋನಿನ ಅದೇ ಸಣ್ಣ ಚೌಕ ತೂತು. ಆದುದರಿಂದ ಹೊಸಬರು ಅದಲುಬದಲು ಮಾಡುವುದು ಸುಲಭ. ಹಾಗಾದರೆ ರಂಗದ ಮೇಲೆ ಇಬ್ಬರು ರಾಜರು ಬಂದಂತೆ ಎರಡೂ ಕಡೆಯಿಂದ ವಿದ್ಯುತ್ತು ನುಗ್ಗಿ ಕಾರ್ಡು ಸುಟ್ಟುಹೋಗಲೂಬಹುದು. ದನಿಯನ್ನು ಅಂಕೆ ಮಾಡುವ ಡಿಎಸ್‌ಪಿ ಎಂಬ ಚಿಪ್ಪು ಪೆಟ್ಟಿಗೆಯಲ್ಲಿರಬೇಕು. ಇಲ್ಲದಿದ್ದರೆ ಕಾರ್ಡು ಕುಳಿತರೂ ಮೂಕ. ಕೂರಿಸುವ ಮೊದಲು ಪೆಟ್ಟಿಗೆಯ ವಿದ್ಯುತ್ತನ್ನು ಆರಿಸಬೇಕು. ವಿದ್ಯುತ್ತಿರುವಾಗಲೇ ಕೂರಿಸಬಹುದೆಂದು ಕೈಪಿಡಿ ಹೇಳಿದ ಮಾದರಿಗಳಿಗೆ ಮಾತ್ರ ವಿನಾಯಿತಿ. ಮುಂಗೈಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡು, ಕಾರ್ಡಿನ ಅಂಚನ್ನಷ್ಟೇ ಹಿಡಿದು, ನೇರವಾಗಿ ತಳ್ಳಿ, ತಿರುಪು ಬಿಗಿಯಬೇಕು. ಆಮೇಲೆ ಯಾವ ಅಂಕೆ ಒತ್ತಿದರೆ ಯಾವ ಊರಿಗೆ ಹೋಗಬೇಕೆಂಬುದನ್ನು ಪೆಟ್ಟಿಗೆಗೆ ಬರೆದು ಕಲಿಸಬೇಕು. ಇದಿಲ್ಲದೆ ಕಾರ್ಡು ಕೂರಿಸಿದರೆ ಹೆಸರಿಲ್ಲದ ಲಕೋಟೆ ಟಪ್ಪಾಲಿಗೆ ಹಾಕಿದಂತೆ.

ಗಾಜಿನೆಳೆಯ ಕಾರ್ಡಿಗೆ ನಿಯಮಗಳು ಬೇರೆ. ಅದರಲ್ಲಿ ಸಾಮಾನ್ಯವಾಗಿ ಎರಡು ಕಣ್ಣು: ಒಂದು ಬೆಳಕು ಬಿಡುವುದು, ಒಂದು ಬೆಳಕು ಕಾಣುವುದು. ಈ ತುದಿಯ ಬಾಯಿ ಆ ತುದಿಯ ಕಿವಿಗೆ ಸೇರಬೇಕು. ಬಾಯಿಗೆ ಬಾಯಿ ಜೋಡಿಸಿದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ. ಒಂದೇ ಕಟ್ಟಡದೊಳಗೆ ನೂರಾರು ಮೀಟರಿಗೆ ದಪ್ಪ ತಿರುಳಿನ ಎಳೆ ಸಾಕು. ಊರಿಂದೂರಿಗೆ ತೆಳು ತಿರುಳಿನ ಎಳೆಯೇ ಬೇಕು. ಹತ್ತು ಕಿಲೋಮೀಟರಿಗೆಂದು ಮಾಡಿದ ಕಾರ್ಡು ಅಂಕೋಲೆಯನ್ನು ಮುಟ್ಟದು. ಎಪ್ಪತ್ತು ಕಿಲೋಮೀಟರಿಗೆ ಮಾಡಿದ್ದನ್ನು ಪಕ್ಕದ ಕೋಣೆಗೆ ಜೋಡಿಸಿದರೆ ಎದುರಿನ ಕಣ್ಣು ಕುಕ್ಕುತ್ತದೆ, ನಡುವೆ ಬೆಳಕು ತಗ್ಗಿಸುವ ಸಾಧನವನ್ನು ಇಡಬೇಕಾಗುತ್ತದೆ. ತುದಿಯಲ್ಲಿ ಕೂತ ಒಂದು ಧೂಳಿನ ಕಣ ಇಡೀ ಮಾತನ್ನು ಮಸುಕಾಗಿಸಬಲ್ಲದು. ಜೋಡಿಸುವ ಮುನ್ನ ಒರೆಸಲೇಬೇಕು. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಎಳೆಯ ತುದಿಯೊಳಗೆ ಎಂದೂ ಇಣುಕಬಾರದು. ಅದರ ಬೆಳಕು ಮನುಷ್ಯನ ಕಣ್ಣಿಗೆ ಕಾಣದು. ಆದರೆ ಕಣ್ಣನ್ನು ಸುಡಬಲ್ಲದು.

ದನಿಯ ಕಟ್ಟುಗಳ ಲೆಕ್ಕವೂ ಸ್ವಾರಸ್ಯವಾಗಿದೆ. ಸಾಮಾನ್ಯವಾಗಿ ಸೆಕೆಂಡಿಗೆ ೫೦ ಕಟ್ಟು. ಪ್ರತಿಯೊಂದರಲ್ಲೂ ೧೬೦ ಬೈಟು ದನಿ, ೪೦ ಬೈಟು ವಿಳಾಸ. ಹೀಗೆ ೬೪ ಕಿಲೋಬಿಟ್ಟಿನ ದನಿಗೆ ದಾರಿಯಲ್ಲಿ ೮೦ ಕಿಲೋಬಿಟ್ಟು ಜಾಗ ಬೇಕು. ೧೯೯೬ರಲ್ಲಿ ಅಂಗೀಕೃತವಾದ ಜಿ.೭೨೯ ಎಂಬ ಸಂಕೋಚನ ಕ್ರಮದಲ್ಲಿ ದನಿಯ ಪಾಲು ೨೦ ಬೈಟಿಗಿಳಿದು ಒಟ್ಟು ೨೪ ಕಿಲೋಬಿಟ್ಟು ಸಾಕಾಗುತ್ತದೆ; ಎರಡು ಮೆಗಾಬಿಟ್ಟಿನ ಲೈನಿನಲ್ಲಿ ಇಪ್ಪತ್ತೈದರ ಬದಲು ಎಂಬತ್ತಕ್ಕೂ ಹೆಚ್ಚು ಜನ ಮಾತಾಡಬಹುದು. ಇದರಲ್ಲೊಂದು ಮರ್ಮವಿದೆ. ಆ ಕ್ರಮ ರೂಪಿತವಾದದ್ದು ಮನುಷ್ಯನ ಗಂಟಲು ಆಡುವ ಮಾತಿನ ಅಂದಾಜಿನ ಮೇಲೆ. ತಹಶೀಲ್ದಾರರ ಮಾತು ಅದರಲ್ಲಿ ಚೆನ್ನಾಗಿ ಸಾಗುತ್ತದೆ. ಹಾಲಕ್ಕಿ ಒಕ್ಕಲಿಗರ ಗುಮಟೆಯ ಪೆಟ್ಟು ಸಾಗುವುದಿಲ್ಲ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿಟ್ಟು ಹಾಡಿ, ೨೦೧೭ರಲ್ಲಿ ಪದ್ಮಶ್ರೀ ಪಡೆದು, ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಥವರ ದನಿಯನ್ನು ಕೂಡಿಡುವವರು ಜಾಗದ ಉಳಿತಾಯಕ್ಕಾಗಿ ಹಿಂಡಬಾರದು. ಉಳಿತಾಯಕ್ಕೂ ಒಂದು ಔಚಿತ್ಯವಿದೆ.

ಹೊರೆ ಹೆಚ್ಚಾದಾಗ ಯಾವ ಕಟ್ಟು ಮೊದಲು ಹೋಗಬೇಕು? ಕಾಗದ ಅರೆಗಳಿಗೆ ತಡವಾದರೆ ಕೇಡಿಲ್ಲ. ದನಿ ತಡವಾದರೆ ಮಾತು ಮಾತಿಗೆ ಅಡ್ಡ ಬರುತ್ತದೆ. ಒಂದು ಕಡೆಯ ತಡ ಸೆಕೆಂಡಿನ ಸಾವಿರದ ೧೫೦ ಪಾಲು ಮೀರದಿದ್ದರೆ ಸಂಭಾಷಣೆ ಹಿತವಾಗಿರುತ್ತದೆಂದು ಅಂತಾರಾಷ್ಟ್ರೀಯ ಮಂಡಲಿಯ ಸೂಚನೆ. ಆದುದರಿಂದ ರೂಟರಿಗೆ ದನಿಯನ್ನು ಮೊದಲು ಬಿಡುವಂತೆ ವಿಧಿಸುತ್ತಾರೆ. ಹಿಂದೆ ಕಡವಿನಲ್ಲಿ ಬಸುರಿಯನ್ನೂ ರೋಗಿಯನ್ನೂ ಮೊದಲ ದೋಣಿಗೆ ಹತ್ತಿಸುತ್ತಿದ್ದ ನ್ಯಾಯವೇ ಇದು. ಲೈಟ್ನಿಂಗ್ ಕರೆಯ ಕಾಲದಲ್ಲಿ ಮೊದಲ ಸರದಿ ಹಣಕ್ಕೆ, ಇಲ್ಲಿ ಅಗತ್ಯಕ್ಕೆ.

ಆಡಳಿತವೂ ಈ ಮಾರ್ಗವನ್ನು ಹಿಡಿಯಿತು. ೨೦೦೨ರ ಏಪ್ರಿಲ್ ೧ರಿಂದ ಭಾರತದಲ್ಲಿ ಇಂಟರ್ನೆಟ್ಟಿನ ಮೂಲಕ ಮಾತಾಡುವುದಕ್ಕೆ, ಕೆಲವು ಕಟ್ಟುಪಾಡುಗಳೊಡನೆ, ಕಾನೂನಿನ ಒಪ್ಪಿಗೆ ದೊರೆಯಿತು. ೨೦೦೫ರಲ್ಲಿ ಕೇಂದ್ರ ಸರಕಾರ ಒಪ್ಪಿದ ಯೋಜನೆಯಂತೆ ರಾಜ್ಯಗಳ ರಾಜಧಾನಿ, ಜಿಲ್ಲೆ, ತಾಲ್ಲೂಕು ಕೇಂದ್ರಗಳನ್ನು ಕನಿಷ್ಠ ಎರಡು ಮೆಗಾಬಿಟ್ಟಿನ ಮಾರ್ಗದಲ್ಲಿ, ದನಿ, ಚಿತ್ರ, ಕಾಗದ ಮೂರನ್ನೂ ಸಾಗಿಸುವ ಹಾಗೆ ಜೋಡಿಸುವ ಕೆಲಸ ನಡೆಯಿತು. ಕರ್ನಾಟಕದ ಇಂಥ ಜಾಲಕ್ಕೆ ಕೆಸ್ವಾನ್ ಎಂದು ಹೆಸರು. ೨೦೧೧ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ಗಾಜಿನೆಳೆಯನ್ನು ಗ್ರಾಮ ಪಂಚಾಯಿತಿಗಳವರೆಗೆ ಒಯ್ಯುವ ಸಂಕಲ್ಪದ್ದು.

ಇಷ್ಟೆಲ್ಲ ಆದ ಮೇಲೆ ಚಿಂತಿಸಬೇಕಾದದ್ದೊಂದಿದೆ. ಹಳೆಯ ತಾಮ್ರದ ಟೆಲಿಫೋನಿಗೆ ಒಂದು ಗುಣವಿತ್ತು: ಅದಕ್ಕೆ ಬೇಕಾದ ೪೮ ವೋಲ್ಟು ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಟೆಲಿಫೋನು ಜೀವಂತವಿರುತ್ತಿತ್ತು. ಗಾಜಿನೆಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತಾರದು. ತುದಿಯ ಪೆಟ್ಟಿಗೆಗೆ ಮನೆಯ ಕರೆಂಟೇ ಗತಿ. ಅದು ಹೋದರೆ ದನಿಯೂ ಹೋಯಿತು. ಕೈಯಲ್ಲಿ ಮೊಬೈಲಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಅದರ ಗೋಪುರವೂ ಕರೆಂಟನ್ನೇ ನಂಬಿದೆ, ಅನೇಕ ಕಡೆ ಅದರ ಹಿಂದೆ ಇದೇ ಎಳೆಯಿದೆ.

೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿತು. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ಎದುರು ದಡದ ಉಳುವರೆಯ ಮನೆಗಳೂ ನಾಶವಾದವು. ಹಲವರು ಪ್ರಾಣ ಕಳೆದುಕೊಂಡರು. ಕಾಣೆಯಾದವರ ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಮೂರು ವಾರ ಕಳೆದು ಆಗಸ್ಟ್ ೭ರ ನಡುರಾತ್ರಿಯ ಮೇಲೆ ಕಾರವಾರದ ಕಾಳೀ ನದಿಯ ಹಳೆಯ ಸೇತುವೆ ಕುಸಿಯಿತು. ನಾವು ಆರಂಭದಲ್ಲಿ ಹೆಸರಿಸಿದ ಎರಡು ಹೊಳೆಗಳೂ ಒಂದೇ ಮಳೆಗಾಲದಲ್ಲಿ ತಮ್ಮ ಹಳೆಯ ಹಕ್ಕನ್ನು ಕೇಳಿದಂತಾಯಿತು. ಕೇಬಲ್ ಎಂಬುದು ಹೆದ್ದಾರಿಯ ಮಗ್ಗುಲಲ್ಲೂ ಸೇತುವೆಯ ಬೆನ್ನಲ್ಲೂ ಸಾಗುವ ವಸ್ತು. ದಾರಿ ಬಿದ್ದರೆ ಅದೂ ಬೀಳಬಹುದು. ಸುದ್ದಿ ಅತ್ಯಗತ್ಯವಾದ ಗಳಿಗೆಯೇ ಸುದ್ದಿಯ ಹಾದಿಗೆ ಅಪಾಯದ ಗಳಿಗೆ.

ಇದಕ್ಕೆ ಪರಿಹಾರ ಅಸಾಧ್ಯವಾದದ್ದಲ್ಲ. ಒಂದೇ ಊರಿಗೆ ಎರಡು ದಾರಿಯಿಂದ ಎಳೆ ಬರಬೇಕು: ಒಂದು ಹೆದ್ದಾರಿಯ ಬದಿಯಲ್ಲಿದ್ದರೆ ಇನ್ನೊಂದು ಹಳಿಯ ಬದಿಯಲ್ಲೋ ಘಟ್ಟದ ಮೇಲಿನಿಂದಲೋ. ಒಂದು ಕಡಿದರೆ ರೂಟರು ತಾನಾಗಿ ಇನ್ನೊಂದನ್ನು ಹಿಡಿಯುವಂತೆ ವಿಧಿಸಬಹುದು. ಅದು ಅದರ ಹುಟ್ಟುಗುಣ. ಆಸ್ಪತ್ರೆ, ಪೋಲೀಸು ಠಾಣೆ, ತಾಲ್ಲೂಕು ಕಚೇರಿಗಳ ಪೆಟ್ಟಿಗೆಗೆ ದಿನಗಟ್ಟಲೆ ನಡೆಯುವ ಬ್ಯಾಟರಿಯಿರಬೇಕು. ತಾಮ್ರದ ಲೈನು ಇನ್ನೂ ಉಳಿದಿರುವಲ್ಲಿ ಅದನ್ನು ಎಫ್‌ಎಕ್ಸ್‌ಓ ಕಾರ್ಡಿನಲ್ಲಿ ಆಪತ್ಕಾಲಕ್ಕೆಂದು ಇಟ್ಟುಕೊಳ್ಳುವುದು ವಿವೇಕ. ಕೊನೆಯದಾಗಿ, ಕಾರ್ಡು ಬದಲಿಸಲು ದೂರದ ನಗರದಿಂದ ಜನ ಬರುವವರೆಗೆ ಕಾಯುವ ಸ್ಥಿತಿಯಿರಬಾರದು. ಈ ಕೆಲಸದಲ್ಲಿ ಮಂತ್ರವೇನೂ ಇಲ್ಲವೆಂಬುದನ್ನು ಮೇಲಿನ ವಿವರಣೆಯಿಂದ ಓದುಗರು ಕಂಡಿದ್ದಾರೆ. ಅಂಕೋಲೆಯ ದಿನಕರ ದೇಸಾಯಿಯವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಯಿಲ್ಲದ ಊರುಗಳಿಗೆ ಶಾಲೆ ತಂದುಕೊಟ್ಟರು. ಅಂದಿನ ಕೊರತೆ ಅಕ್ಷರದ್ದು. ಇಂದಿನದು ಈ ಬಗೆಯ ಕೈಕೆಲಸದ ಅರಿವಿನದು. ಅವರು ತೋರಿದ ದಾರಿಯಲ್ಲೇ ಅದನ್ನೂ ತುಂಬಿಕೊಳ್ಳಬಹುದು.

ಮಳೆಗಾಲ ಪ್ರತಿ ವರ್ಷವೂ ಬರುತ್ತದೆ. ಗುಡ್ಡ ಅಲ್ಲಿಯೇ ಇದೆ, ಹೊಳೆ ಅಲ್ಲಿಯೇ ಇದೆ. ಮುಂದಿನ ಆಷಾಢಕ್ಕೆ ಮುನ್ನ, ಪಂಚಾಯಿತಿಯ ಮೂಲೆಯಲ್ಲಿ ಮಿಣುಕುವ ಪೆಟ್ಟಿಗೆಯ ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆಂದು ತಮ್ಮ ತಮ್ಮ ಊರಿನಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಒಳ್ಳೆಯದು.